ಹಳೆಯ ಕಾರಿನ ಅಲ್ಯೂಮಿನಿಯಂ ಚಕ್ರ: ಹೊಳಪು ಕೊಡುವ ಮುನ್ನ, ಕೊಟ್ಟ ನಂತರ

ಹಳೆಯ ಕಾರೊಂದನ್ನು ಬಿಚ್ಚಿ, ತುಕ್ಕು ತೆಗೆಸಿ, ಟಿಂಕರಿಂಗ್ ಮುಗಿಸಿ, ಹೊಸ ಬಣ್ಣ ಬಳಿಸಿ ನಿಲ್ಲಿಸಿದಾಗ ಮಾಲೀಕರ ಕಣ್ಣಿಗೆ ಕೊನೆಯದಾಗಿ ಬೀಳುವುದು ಚಕ್ರ. ಮಿರುಗುವ ಬಾಗಿಲುಗಳ ಕೆಳಗೆ ಬೂದುಬಣ್ಣಕ್ಕೆ ತಿರುಗಿದ, ಅಲ್ಲಲ್ಲಿ ಬಿಳಿಯ ಪುಡಿ ಕಟ್ಟಿದ ಅಲಾಯ್ ಚಕ್ರಗಳು ಇದ್ದಕ್ಕಿದ್ದಂತೆ ಮುದಿಯಾಗಿ ಕಾಣತೊಡಗುತ್ತವೆ. ಅಷ್ಟು ಹೊತ್ತಿಗೆ ಹಣವೂ ತಾಳ್ಮೆಯೂ ಬಹುಪಾಲು ತೀರಿರುತ್ತವೆ. ಹೀಗಾಗಿ ಪುನಶ್ಚೇತನದ ಉಳಿದೆಲ್ಲ ಕೆಲಸ ತಿಂಗಳುಗಟ್ಟಲೆ ನಡೆದರೂ ಚಕ್ರದ ಕೆಲಸ ಮಾತ್ರ ಒಂದೇ ಮಧ್ಯಾಹ್ನದಲ್ಲಿ, ಕೈಗೆ ಸಿಕ್ಕ ದ್ರಾವಣದಿಂದ ನಡೆದುಹೋಗುತ್ತದೆ.

ಚಕ್ರವು ಬಾಗಿಲ ಹಿಡಿಯಂತೆ ಅಲಂಕಾರದ ವಸ್ತುವಲ್ಲ. ಕಾರಿನ ಭಾರ, ಬ್ರೇಕಿನ ಎಳೆತ, ತಿರುವಿನ ಒತ್ತಡ, ರಸ್ತೆಗುಂಡಿಯ ಪೆಟ್ಟು ಇವೆಲ್ಲವೂ ಅದರ ಮೂಲಕವೇ ಹಾದುಹೋಗಬೇಕು. ಮೇಲಾಗಿ, ಪಾಲಿಶ್ ಎಂದರೆ ಏನನ್ನೋ ಬಳಿಯುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಲ್ಯೂಮಿನಿಯಂ ವಿಷಯದಲ್ಲಿ ಅದು ತಿರುಗುಮುರುಗು. ಇಲ್ಲಿ ಪಾಲಿಶ್ ಎಂದರೆ ಸವೆಸುವುದು. ಒಮ್ಮೆ ಸವೆಸಿದ ಲೋಹ ಮರಳಿ ಬರುವುದಿಲ್ಲ. ಆದಕಾರಣ ಯಂತ್ರವನ್ನು ಕೈಗೆತ್ತಿಕೊಳ್ಳುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿರಬೇಕು: ಇದು ಯಾವ ಲೋಹ, ಅದರ ಮೇಲೆ ಯಾವ ಹೊದಿಕೆ ಇದೆ, ಮತ್ತು ಈ ಚಕ್ರ ಇನ್ನೂ ಓಡಲು ಯೋಗ್ಯವಾಗಿದೆಯೇ?

ತನ್ನ ಚರ್ಮವನ್ನು ತಾನೇ ಹೊಲಿದುಕೊಳ್ಳುವ ಲೋಹ

ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕ್ಷಣದಲ್ಲೇ ಆಮ್ಲಜನಕದೊಡನೆ ಸೇರಿ ತನ್ನ ಮೇಲೆ ಒಂದು ತೆಳುಪೊರೆಯನ್ನು ಕಟ್ಟಿಕೊಳ್ಳುತ್ತದೆ. ಈ ಆಕ್ಸೈಡ್ ಪೊರೆಯ ದಪ್ಪ ಕೆಲವೇ ನ್ಯಾನೊಮೀಟರ್. ಕಬ್ಬಿಣದ ತುಕ್ಕು ಹೊಪ್ಪಳೆಯಾಗಿ ಉದುರಿ ಒಳಗಿನ ಲೋಹವನ್ನು ಮತ್ತೆ ಬಯಲು ಮಾಡಿದರೆ, ಈ ಪೊರೆ ಅಂಟಿಕೊಂಡೇ ಇದ್ದು ಒಳಲೋಹವನ್ನು ಕಾಯುತ್ತದೆ. ಗೀರಿದರೆ ತಕ್ಷಣ ಮತ್ತೆ ಕಟ್ಟಿಕೊಳ್ಳುತ್ತದೆ.

ಆದರೆ ಈ ಕಾವಲಿಗೂ ಮಿತಿಯಿದೆ. ಅತಿಯಾದ ಆಮ್ಲವನ್ನೂ ಅತಿಯಾದ ಕ್ಷಾರವನ್ನೂ ಅದು ತಡೆಯಲಾರದು. ಪಿಎಚ್ ಸುಮಾರು 4ರಿಂದ 8.5ರ ನಡುವೆ ಇದ್ದಾಗಷ್ಟೇ ಪೊರೆ ಕ್ಷೇಮ. ಇದು ನಮ್ಮ ಅಡುಗೆಮನೆಗಳಿಗೆ ಹೊಸ ಸಂಗತಿಯಲ್ಲ. ಹಿತ್ತಾಳೆಯ ಬಿಂದಿಗೆಗೆ ಹುಣಸೆಹಣ್ಣು ಹಾಕಿ ತಿಕ್ಕುವ ಗೃಹಿಣಿ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಪದಾರ್ಥವನ್ನು ರಾತ್ರಿಯಿಡೀ ಇಡುವುದಿಲ್ಲ. ವಾಷಿಂಗ್ ಸೋಡಾ ಹಾಕಿ ಕುದಿಸಿದರೆ ಅದೇ ಪಾತ್ರೆ ಕಪ್ಪಾಗುವುದನ್ನೂ ಬಲ್ಲಳು. ಕಾರಿನ ಚಕ್ರಕ್ಕೂ ಇದೇ ನಿಯಮ. ಹಿತ್ತಾಳೆಗೆ ಒಗ್ಗುವ ಹುಳಿ, ಎಣ್ಣೆಜಿಡ್ಡು ತೆಗೆಯುವ ಕಾಸ್ಟಿಕ್ ಸೋಡಾ ಎರಡೂ ಅಲ್ಯೂಮಿನಿಯಂಗೆ ಆಗಿಬರುವುದಿಲ್ಲ. ಇವೆರಡಕ್ಕೂ ಸೇರದ ಮೂರನೆಯ ಶತ್ರು ಉಪ್ಪು. ಕ್ಲೋರೈಡ್ ಕಣಗಳು ಪೊರೆಯ ದುರ್ಬಲ ಜಾಗವನ್ನು ಹುಡುಕಿ, ಅಲ್ಲಿ ಸೂಜಿಮೊನೆಯಷ್ಟು ಗುಳಿ ತೋಡುತ್ತವೆ. ಕಾರವಾರ, ಉಡುಪಿ, ಮಂಗಳೂರಿನ ಮಾಲೀಕರಿಗೆ ಈ ಗುಳಿಗಳ ಪರಿಚಯವಿದ್ದೇ ಇರುತ್ತದೆ.

ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬಹುದು. ಪಾಲಿಶ್ ಗಟ್ಟಿಗಳಲ್ಲಿ ಲೋಹವನ್ನು ಉಜ್ಜುವ ಪುಡಿ ಹೆಚ್ಚಾಗಿ ಅಲ್ಯೂಮಿನಾ, ಅಂದರೆ ಅದೇ ಅಲ್ಯೂಮಿನಿಯಂ ಆಕ್ಸೈಡ್. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆ ತಯಾರಿಸುವುದೂ ಅಲ್ಯೂಮಿನಾವನ್ನೇ. ಚಕ್ರವನ್ನು ಕಾಯುವ ವಸ್ತುವೇ, ಪುಡಿಯಾಗಿ ಕೈಸೇರಿದಾಗ, ಚಕ್ರವನ್ನು ಸವೆಸುವ ಸಾಧನವಾಗುತ್ತದೆ.

ಯಾವ ಚಕ್ರ, ಯಾವ ಹೊದಿಕೆ?

ಅಲ್ಯೂಮಿನಿಯಂ ಚಕ್ರದ ಇತಿಹಾಸ ಒಂದು ಶತಮಾನದಷ್ಟು ಹಳೆಯದು. ಎರಕದ ಅಲ್ಯೂಮಿನಿಯಂ ಚಕ್ರಗಳನ್ನು ಹೊತ್ತ ಬುಗಾಟಿಯ ಟೈಪ್ 35 ರೇಸ್ ಕಾರು 1924ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಕಣಕ್ಕಿಳಿಯಿತು. ನಂತರದ ದಶಕಗಳಲ್ಲಿ ರೇಸ್ ಕಾರುಗಳಿಗೆ ಇನ್ನೂ ಹಗುರವಾದ ಮೆಗ್ನೀಸಿಯಂ ಚಕ್ರಗಳು ಬಂದವು. ಇಂದಿಗೂ ಗ್ಯಾರೇಜುಗಳಲ್ಲಿ ಯಾವುದೇ ಅಲಾಯ್ ಚಕ್ರವನ್ನು 'ಮ್ಯಾಗ್ ವೀಲ್' ಎನ್ನುವುದು ಆ ಕಾಲದ ಪಳೆಯುಳಿಕೆ. 1960ರ ದಶಕದ ನಡುವಿನಲ್ಲಿ ಪೋರ್ಷೆ 911 ಎಸ್ ಕಾರಿಗೆ ಜರ್ಮನಿಯ ಫುಕ್ಸ್ ಸಂಸ್ಥೆ ಒದಗಿಸಿದ ಐದು ದಳಗಳ ಚಕ್ರ ಎರಕದ್ದಲ್ಲ, ಬಡಿದು ರೂಪಿಸಿದ್ದು. ಅಂತಹ ಚಕ್ರಕ್ಕೆ ಫೋರ್ಜ್ಡ್ ಎನ್ನುತ್ತಾರೆ. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ಒತ್ತಿ ರೂಪಿಸಿದ ಉಕ್ಕಿನ ಚಕ್ರಗಳ ಮೇಲೆಯೇ ಬದುಕು ಸವೆಸಿದವು. ಅವುಗಳ ಮೇಲೆ ಇಂದು ಕಾಣುವ ಅಲಾಯ್ ಚಕ್ರಗಳು ಸಾಮಾನ್ಯವಾಗಿ ಮಾಲೀಕರು ಅಂಗಡಿಯಿಂದ ತಂದು ಹಾಕಿಸಿದವು. ಹಾಗಾಗಿ ಅವುಗಳ ಲೋಹ, ತಯಾರಕ, ವಯಸ್ಸು ಯಾವುದೂ ಕಾರಿನ ಪುಸ್ತಕದಲ್ಲಿ ಸಿಗದು.

ಲೋಹವನ್ನು ಗುರುತಿಸುವುದು ಕಷ್ಟವಲ್ಲ. ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಉಕ್ಕು. ಹಿಡಿಯದಿದ್ದರೆ ಒಳಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ ಒಂದಿಷ್ಟು ಬಣ್ಣ ಕೆರೆದು ಬರಿಯ ಲೋಹದ ಮೇಲೆ ಒಂದು ಹನಿ ವಿನಿಗರ್ ಬಿಡಬೇಕು. ಗುಳ್ಳೆಯೆದ್ದು ನೊರೆಗಟ್ಟಿದರೆ ಅದು ಮೆಗ್ನೀಸಿಯಂ; ಸುಮ್ಮನಿದ್ದರೆ ಅಲ್ಯೂಮಿನಿಯಂ. ಹನಿಯನ್ನು ಕೂಡಲೇ ತೊಳೆದುಬಿಡಬೇಕು. ಮೆಗ್ನೀಸಿಯಂ ಎಂದು ತಿಳಿದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸುವುದು ಒಳಿತು. ಅದರ ಪುಡಿ ಕಿಡಿಗೆ ಹೊತ್ತಿಕೊಳ್ಳುತ್ತದೆ; ಹೊತ್ತಿದ ಬೆಂಕಿಗೆ ನೀರು ಸುರಿದರೆ ಆರುವ ಬದಲು ಭುಗಿಲೇಳುತ್ತದೆ. ಅದು ಮನೆಯ ಅಂಗಳದ ಕೆಲಸವಲ್ಲ.

ಹೊದಿಕೆಯನ್ನು ತಿಳಿಯಲು ಬಿಳಿಯ ಬಟ್ಟೆಯೊಂದು ಸಾಕು. ಅದರ ಮೇಲೆ ಸ್ವಲ್ಪ ಲೋಹದ ಪಾಲಿಶ್ ಹಾಕಿ ಚಕ್ರದ ಮೂಲೆಯೊಂದನ್ನು ಮೆಲ್ಲಗೆ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬರಿಯ ಅಲ್ಯೂಮಿನಿಯಂ. ಬಿಳಿಯಾಗಿಯೇ ಉಳಿದರೆ ನೀವು ಉಜ್ಜುತ್ತಿರುವುದು ಲೋಹವನ್ನಲ್ಲ. ಅದರ ಮೇಲಿನ ಪಾರದರ್ಶಕ ಲ್ಯಾಕರ್ ಅನ್ನೋ, ಆನೊಡೈಸ್ ಪದರವನ್ನೋ. ಈ ಒಂದು ನಿಮಿಷದ ಪರೀಕ್ಷೆಯನ್ನು ಬಿಟ್ಟುಬಿಟ್ಟು ಗಂಟೆಗಟ್ಟಲೆ ಲ್ಯಾಕರ್ ಉಜ್ಜಿ, ಮಬ್ಬು ಹೋಗಲಿಲ್ಲವೆಂದು ಪಾಲಿಶ್ ಅನ್ನು ದೂಷಿಸುವವರ ಸಂಖ್ಯೆ ಕಡಿಮೆಯೇನಲ್ಲ. ಮಬ್ಬಿರುವುದು ಲ್ಯಾಕರ್‌ನಲ್ಲಿ ಅಥವಾ ಅದರ ಕೆಳಗೆ. ಅದನ್ನು ಕಳಚದೆ ಲೋಹಕ್ಕೆ ದಾರಿಯಿಲ್ಲ.

ಆನೊಡೈಸ್ ಪದರದ ಕಥೆ ಬೇರೆ. ಅದು ಬಳಿದದ್ದಲ್ಲ, ವಿದ್ಯುತ್ತಿನ ನೆರವಿನಿಂದ ಲೋಹದ ಸ್ವಂತ ಪೊರೆಯನ್ನೇ ಸಾವಿರಾರು ಪಟ್ಟು ದಪ್ಪವಾಗಿ ಬೆಳೆಸಿದ್ದು. ಪಾಲಿಶ್ ಮಾಡಬೇಕೆಂದರೆ ಅದನ್ನು ಪೂರ್ತಿ ಕಳಚಬೇಕು, ಕಳಚಿದರೆ ತಯಾರಕ ಕೊಟ್ಟ ಅತ್ಯುತ್ತಮ ರಕ್ಷಣೆ ಹೋಯಿತು. ಫುಕ್ಸ್ ಚಕ್ರಗಳ ಮೂಲ ಮೇಲ್ಮೈ ಕನ್ನಡಿಯ ಹೊಳಪಿನದಲ್ಲ, ಆನೊಡೈಸ್ ಮಾಡಿದ ಮೃದು ಕಾಂತಿಯದು. ಆಸೆಗೆ ಬಿದ್ದು ಅವನ್ನು ಕನ್ನಡಿಯಾಗಿಸಿದವರು ಮೂಲ ಮೇಲ್ಮೈಯನ್ನು ಶಾಶ್ವತವಾಗಿ ಕಳೆದುಕೊಂಡಿದ್ದಾರೆ. ಪುನಶ್ಚೇತನವೆಂದರೆ ಇದ್ದಂತೆ ಮಾಡುವುದೇ ಹೊರತು ಇದ್ದುದಕ್ಕಿಂತ ಮಿರುಗಿಸುವುದಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಕ್ರೋಮ್ ಲೇಪಿತ ಚಕ್ರವಾದರೆ, ಲೇಪನ ಗುಳ್ಳೆಯೆದ್ದಿದ್ದರೂ ಮನೆಯಲ್ಲಿ ಮುಟ್ಟಬಾರದು. ಅದು ಲೇಪನ ಘಟಕದ ಕೆಲಸ.

ಬಿರುಕು ಕಂಡರೆ ಹೊಳಪು ಬೇಡ

ಟೈರು ಕಳಚಿ, ಸಾಬೂನಿನಿಂದ ತೊಳೆದು, ಒಣಗಿಸಿದ ಚಕ್ರವನ್ನು ಬಿಸಿಲಿಗೆ ಹಿಡಿದು ಒಳಗೂ ಹೊರಗೂ ನೋಡಬೇಕು. ಬಿರುಕು ಸಾಮಾನ್ಯವಾಗಿ ಒಳಬದಿಯ ಅಂಚಿನಲ್ಲಿ, ಕಡ್ಡಿಗಳು ರಿಮ್‌ಗೆ ಸೇರುವ ಬುಡದಲ್ಲಿ, ನಟ್ ರಂಧ್ರಗಳ ಸುತ್ತ ಹುಟ್ಟುತ್ತದೆ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕನ್ನು ಹಿಡಿಯಲು ಬಣ್ಣದ ದ್ರವ ಪರೀಕ್ಷೆ ಇದೆ. ಕೆಂಪು ದ್ರವ ಸಿಂಪಡಿಸಿ, ಒರೆಸಿ, ಬಿಳಿಯ ಡೆವಲಪರ್ ಹಾಕಿದರೆ ಬಿರುಕಿನೊಳಗೆ ಅವಿತ ಕೆಂಪು ಗೆರೆಯಾಗಿ ಹೊರಬರುತ್ತದೆ. ಈ ಪರೀಕ್ಷೆಯನ್ನು ಪಾಲಿಶ್‌ಗೆ ಮೊದಲೇ ಮಾಡಿಸಬೇಕು. ಬಫಿಂಗ್ ಮಾಡಿದ ಮೆದು ಲೋಹ ಬಿರುಕಿನ ಬಾಯಿಯ ಮೇಲೆ ಸವರಿಹೋಗಿ ಅದನ್ನು ಮುಚ್ಚಿಬಿಡುತ್ತದೆ. ಹೊಳೆಯುವ ಚಕ್ರ ಗಟ್ಟಿಯಾಗಿ ಕಾಣುವುದೇ ಅಪಾಯ.

'ಆರ್ಗಾನ್ ವೆಲ್ಡಿಂಗ್ ಮಾಡಿಸಿದರೆ ಹೊಸದರಂತೆ' ಎಂಬ ಮಾತು ಎಲ್ಲ ಊರಿನ ಗ್ಯಾರೇಜುಗಳಲ್ಲೂ ಕೇಳಿಬರುತ್ತದೆ. ಅದು ಏಕೆ ನಿಜವಲ್ಲ ಎಂದು ತಿಳಿಯಲು ಚಕ್ರ ಹುಟ್ಟುವ ಬಗೆಯನ್ನು ತಿಳಿಯಬೇಕು. ಎರಕದ ಚಕ್ರಗಳಿಗೆ ಹೆಚ್ಚಾಗಿ ಬಳಸುವ ಎ356 ಎಂಬ ಮಿಶ್ರಲೋಹದಲ್ಲಿ ಸುಮಾರು 7 ಶೇಕಡಾ ಸಿಲಿಕಾನ್, ಅಲ್ಪ ಪ್ರಮಾಣದ ಮೆಗ್ನೀಸಿಯಂ ಇರುತ್ತವೆ. ಎರಕ ಹೊಯ್ದ ನಂತರ ಅದನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ 150-160 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಇಡುತ್ತಾರೆ. ಚಕ್ರದ ಬಲ ಬರುವುದು ಈ ಹದದಿಂದ. ವೆಲ್ಡಿಂಗ್ ಕಾವು ತಗುಲಿದ ಜಾಗದಲ್ಲಿ ಆ ಹದ ಕೆಡುತ್ತದೆ. ಬೆಸುಗೆ ಗಟ್ಟಿಯಿದ್ದರೂ ಅದರ ಪಕ್ಕದ ಲೋಹ ಮೆತ್ತಗಾಗಿರುತ್ತದೆ. ಹೊರ ಅಂಚಿನ ತರಚು ಗಾಯವನ್ನು ತುಂಬಿಸುವುದು ಒಂದು ಮಾತು. ಕಡ್ಡಿಯಲ್ಲೋ ನಟ್ ರಂಧ್ರದ ಬಳಿಯಲ್ಲೋ ಬಿರುಕಿದ್ದರೆ ಆ ಚಕ್ರದ ಆಯುಷ್ಯ ಮುಗಿದಂತೆ. ಅದು ಗೋಡೆಗೆ ತೂಗುಹಾಕಲು ಚೆನ್ನ. ಬಾಗಿದ ರಿಮ್ ಅನ್ನು ಬೆಂಕಿಯಲ್ಲಿ ಕಾಯಿಸಿ ಬಡಿದು ನೇರ ಮಾಡಿಸುವುದೂ ಇದೇ ಸಾಲಿಗೆ ಸೇರಿದ್ದು.

ಕಳಚುವ ಕೆಲಸ

ಲ್ಯಾಕರ್ ಮತ್ತು ಬಣ್ಣವನ್ನು ಕಳಚಲು ಅಲ್ಯೂಮಿನಿಯಂಗೆ ಹೊಂದುವ ಪೇಂಟ್ ರಿಮೂವರ್ ಸಾಕು. ಡಬ್ಬಿಯ ಮೇಲೆ ಅಲ್ಯೂಮಿನಿಯಂ ಹೆಸರು ಇದೆಯೇ ಎಂದು ನೋಡಿಕೊಳ್ಳಬೇಕು. ಕಾಸ್ಟಿಕ್ ತೊಟ್ಟಿಯಲ್ಲಿ ಅದ್ದುವ ಸುಲಭ ಉಪಾಯಕ್ಕೆ ಒಪ್ಪಲೇಬಾರದು. ಬಣ್ಣದ ಜೊತೆ ಲೋಹವೂ ಕರಗಿ, ಕರಗದ ಸಿಲಿಕಾನ್ ಕಪ್ಪು ಮಸಿಯಾಗಿ ಮೇಲೆ ಕೂರುತ್ತದೆ.

ಇದಕ್ಕಿಂತ ಗಂಭೀರವಾದದ್ದು 'ಹಾಕಿದ ತಕ್ಷಣ ಬೆಳ್ಳಗೆ' ಎಂದು ಮಾರುವ ಕೆಲವು ಆಮ್ಲ ದ್ರಾವಣಗಳು. ಅವುಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಾಗಲಿ, ಅಮೋನಿಯಂ ಬೈಫ್ಲೋರೈಡ್ ಆಗಲಿ ಇದ್ದೀತು. ಚರ್ಮಕ್ಕೆ ತಗುಲಿದಾಗ ಉರಿ ತಕ್ಷಣ ಕಾಣಿಸದೇ ಹೋಗಬಹುದು; ಗಂಟೆಗಳ ನಂತರ, ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿಯತೊಡಗಿದ ಮೇಲೆ ಅಸಹನೀಯ ನೋವು ಆರಂಭವಾಗುತ್ತದೆ. ಹೆಚ್ಚು ತಗುಲಿದರೆ ಪ್ರಾಣಕ್ಕೇ ಅಪಾಯ. ತಗುಲಿತೆಂಬ ಅನುಮಾನ ಬಂದರೂ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಬಾಟಲಿಯ ಚೀಟಿಯೊಂದಿಗೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕ್ಯಾಲ್ಸಿಯಂ ಗ್ಲುಕೊನೇಟ್ ಇದಕ್ಕೆ ನೀಡುವ ಚಿಕಿತ್ಸೆ. ಚೀಟಿಯೇ ಇಲ್ಲದ ಬಾಟಲಿಯಲ್ಲಿ ಸುರಿದುಕೊಡುವ ದ್ರಾವಣವನ್ನು ಕೊಳ್ಳದಿರುವುದು ಅದಕ್ಕಿಂತ ಉತ್ತಮ. ಚಕ್ರ ತೊಳೆಯುವ ಹುಡುಗರು ಬರಿಗೈಯಲ್ಲಿ ಇಂಥ ದ್ರವ ಬಳಸುವುದನ್ನು ಕಂಡರೆ ಅವರಿಗೂ ತಿಳಿಸಬೇಕು.

ಹೊಳಪಿನ ಮೆಟ್ಟಿಲುಗಳು

ಬರಿಯ ಲೋಹ ಕೈಗೆ ಬಂದ ಮೇಲೆ ನಡೆಯುವುದು ತಾಳ್ಮೆಯ ಕೆಲಸ. ಮೂಲತತ್ತ್ವ ಸರಳ: ದೊಡ್ಡ ಗೀರನ್ನು ಅದಕ್ಕಿಂತ ಚಿಕ್ಕ ಗೀರಿನಿಂದ, ಅದನ್ನು ಇನ್ನೂ ಚಿಕ್ಕದರಿಂದ ಅಳಿಸುತ್ತ ಹೋಗುವುದು. ಗೀರುಗಳು ಬೆಳಕನ್ನು ಚದುರಿಸಲಾರದಷ್ಟು ಸಣ್ಣದಾದಾಗ ಮೇಲ್ಮೈ ಕನ್ನಡಿಯಾಗುತ್ತದೆ.

ಆಳವಾದ ತರಚು, ಗುಳಿಗಳಿದ್ದರೆ 220ರ ಎಮರಿ ಕಾಗದದಿಂದ ಆರಂಭಿಸಬೇಕಾದೀತು. ಇಲ್ಲದಿದ್ದರೆ 400ರಿಂದಲೇ ತೊಡಗಬಹುದು. ಅಲ್ಲಿಂದ 600, 800, 1000, 1500, 2000ರವರೆಗೆ ನೀರು ಹಾಕಿಕೊಂಡು ವಾಟರ್ ಪೇಪರ್. ನೀರು ಸವೆದ ಪುಡಿಯನ್ನು ತೊಳೆದೊಯ್ಯುತ್ತದೆ, ಧೂಳನ್ನೂ ಅಡಗಿಸುತ್ತದೆ. ಪ್ರತಿ ಮೆಟ್ಟಿಲಲ್ಲೂ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ಬದಲಿಸಿದರೆ ಹಿಂದಿನ ಕಾಗದದ ಗೀರುಗಳು ಎಲ್ಲಿ ಉಳಿದಿವೆ ಎಂಬುದು ತಾನಾಗಿ ಕಾಣುತ್ತದೆ. ಅವು ಪೂರ್ತಿ ಅಳಿಯುವವರೆಗೆ ಮುಂದಿನ ಕಾಗದಕ್ಕೆ ಹೋಗಬಾರದು. 400ರ ಒಂದು ಗೀರು ಉಳಿದುಬಿಟ್ಟರೆ ಅದು 2000ಕ್ಕೂ ಅಳಿಯದು, ಬಫಿಂಗ್‌ಗೂ ಅಳಿಯದು. ಎಲ್ಲ ಮುಗಿದ ಮೇಲೆ ಕನ್ನಡಿಯ ನಡುವೆ ಕೂದಲಿನಂತೆ ಕಾಣುತ್ತದೆ. ಆಗ ಮತ್ತೆ ಕೆಳಗಿನ ಮೆಟ್ಟಿಲಿಗೇ ಇಳಿಯಬೇಕು. ಕಾಗದ ಬದಲಿಸುವಾಗಲೆಲ್ಲ ಚಕ್ರವನ್ನೂ ಕೈಯನ್ನೂ ತೊಳೆದು ನೀರನ್ನು ಚೆಲ್ಲಿ ಹೊಸದು ತುಂಬಿಕೊಳ್ಳಬೇಕು. ಒಂದು ಚಕ್ರಕ್ಕೆ ಒಂದು ಇಡೀ ದಿನ ಹಿಡಿದರೆ ಅಚ್ಚರಿಯಿಲ್ಲ.

ಎರಕದ ಚಕ್ರವನ್ನು ಉಜ್ಜುತ್ತ ಹೋದಂತೆ ಸೂಜಿರಂಧ್ರಗಳು ತೆರೆದುಕೊಳ್ಳುವುದುಂಟು. ಎರಕದೊಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳವು. ಅವನ್ನು ಬೆನ್ನಟ್ಟಿ ಇನ್ನಷ್ಟು ಆಳಕ್ಕೆ ಸವೆಸಿದರೆ ಹೊಸ ರಂಧ್ರಗಳು ತೆರೆದುಕೊಳ್ಳುತ್ತವೆ. ಅಲ್ಲಿಗೆ ನಿಲ್ಲಿಸಿ, ಆ ಚಕ್ರ ಕನ್ನಡಿಯಾಗಲು ಹುಟ್ಟಿದ್ದಲ್ಲವೆಂದು ಒಪ್ಪಿಕೊಳ್ಳುವುದೇ ಜಾಣತನ. ಟೈರು ಕೂರುವ ಪಟ್ಟಿ, ನಟ್ ಕೂರುವ ತಗ್ಗು, ಹಬ್‌ಗೆ ತಾಗುವ ಹಿಂಬದಿಯ ಸಮತಲ ಈ ಮೂರನ್ನು ಎಂದೂ ಸವೆಸಬಾರದು; ಕೊಳೆ ತೆಗೆದರೆ ಸಾಕು.

ನಂತರದ್ದು ಬಫಿಂಗ್. ಗಡುಸಾದ ಸೀಸಲ್ ಚಕ್ರಕ್ಕೆ ಕತ್ತರಿಸುವ ಗಟ್ಟಿಯನ್ನೂ, ಮೆತ್ತನೆಯ ಹತ್ತಿ ಚಕ್ರಕ್ಕೆ ನಯವಾದ ಗಟ್ಟಿಯನ್ನೂ ಬಳಸುತ್ತಾರೆ. ಒಂದಕ್ಕೆ ಬಳಸಿದ ಬಟ್ಟೆಯ ಚಕ್ರವನ್ನು ಇನ್ನೊಂದಕ್ಕೆ ಬಳಸಿದರೆ ಮೊದಲಿನ ಕೆಲಸ ವ್ಯರ್ಥ. ಒತ್ತುವುದರಿಂದ ಹೊಳಪು ಬರುವುದಿಲ್ಲ, ಕಾವು ಬರುತ್ತದೆ. ಅತಿಯಾದ ಕಾವಿನಲ್ಲಿ ಗಟ್ಟಿಯ ಮೇಣ ಲೋಹಕ್ಕೆ ಸುಟ್ಟು ಹಿಡಿದು ಕಪ್ಪು ಪಟ್ಟೆಗಳಾಗುತ್ತವೆ. ತಿರುಗುವ ಬಫ್ ಯಾವಾಗಲೂ ಅಂಚಿನಿಂದ ಹೊರಕ್ಕೆ ಜಾರುವಂತಿರಬೇಕು. ಅಂಚಿಗೆ ಎದುರಾಗಿ ಹಿಡಿದರೆ ಕಚ್ಚಿಕೊಂಡು ಯಂತ್ರವನ್ನೇ ಕೈಯಿಂದ ಕಿತ್ತು ಎಸೆಯುತ್ತದೆ. ಸಡಿಲ ತೋಳಿನ ಅಂಗಿ, ಪಂಚೆ, ಕೊರಳ ಟವೆಲ್ ಯಾವುದೂ ಹತ್ತಿರ ಸುಳಿಯಬಾರದು. ಕನ್ನಡಕ ಮತ್ತು ಧೂಳು ತಡೆಯುವ ಮಾಸ್ಕ್ ಕಡ್ಡಾಯ.

ಧೂಳಿನ ಬಗ್ಗೆ ಒಂದು ಮಾತು. ಅಲ್ಯೂಮಿನಿಯಂನ ನುಣ್ಣನೆಯ ಒಣಪುಡಿ ಗಾಳಿಯಲ್ಲಿ ತುಂಬಿಕೊಂಡಾಗ ಸ್ಫೋಟಿಸಬಲ್ಲದು. ಅದು ಕಬ್ಬಿಣದ ತುಕ್ಕಿನೊಡನೆ ಬೆರೆತು ಕಿಡಿ ತಗುಲಿದರೆ ರೈಲು ಹಳಿ ಬೆಸೆಯುವಷ್ಟು ಉಗ್ರವಾಗಿ ಉರಿಯಬಲ್ಲದು. ಹಳಿ ಬೆಸೆಯುವ ಥರ್ಮಿಟ್ ವಿಧಾನದ ಸಾಮಗ್ರಿಯೂ ಇವೆರಡೇ. ಆದ್ದರಿಂದ ಉಕ್ಕನ್ನು ಉಜ್ಜುವ ಗ್ರೈಂಡರ್‌ನಲ್ಲಿ ಅಲ್ಯೂಮಿನಿಯಂ ಉಜ್ಜಬಾರದು. ಪುಡಿಯನ್ನು ದಿನವೂ ಗುಡಿಸಿ ತೆಗೆಯಬೇಕು.

ಕಾಪಾಡುವುದು ಹೇಗೆ?

ಇಲ್ಲಿಯೇ ನಿಜವಾದ ಇಕ್ಕಟ್ಟು. ಬರಿಯ ಲೋಹದ ಆಳವಾದ ಹೊಳಪು ಯಾವ ಹೊದಿಕೆಯ ಕೆಳಗೂ ಪೂರ್ತಿಯಾಗಿ ಉಳಿಯುವುದಿಲ್ಲ. ಹೊದಿಕೆಯಿಲ್ಲದೆ ಅದು ಬಹುಕಾಲ ನಿಲ್ಲುವುದೂ ಇಲ್ಲ. ಎರಡನ್ನೂ ಒಟ್ಟಿಗೆ ಕೊಡುವೆನೆಂದು ಹೇಳುವ ಯಾವ ಡಬ್ಬಿಯನ್ನೂ ನಂಬಬೇಕಿಲ್ಲ.

ಲ್ಯಾಕರ್ ಸಿಂಪಡಿಸಿದರೆ ಮುಗಿಯಿತೆಂದು ತೋರುವುದು ಸಹಜ. ಆದರೆ ಯಾವುದೇ ಬಣ್ಣ ಹಿಡಿದುಕೊಳ್ಳಲು ಸ್ವಲ್ಪ ಒರಟು ಬೇಕು. ಕನ್ನಡಿಯಂತಹ ಲೋಹದಲ್ಲಿ ಅದೇ ಇರುವುದಿಲ್ಲ. ಮೇಲೆ ಬಫಿಂಗ್ ಮೇಣದ ಲೇಶ ಉಳಿದಿದ್ದರಂತೂ ಲ್ಯಾಕರ್ ಹಾಳೆಯಂತೆ ಸುಲಿದು ಬರುತ್ತದೆ. ಸರಿಯಾಗಿ ಹಿಡಿದರೂ, ಹಾರಿಬಂದ ಒಂದು ಜಲ್ಲಿಕಲ್ಲಿನ ಚುಕ್ಕೆ ಸಾಕು. ಅಲ್ಲಿಂದ ತೇವವೂ ಉಪ್ಪೂ ಒಳನುಸುಳಿ, ಪದರದ ಅಡಿಯಲ್ಲಿ ಹುಳುವಿನ ಹಾದಿಯಂತಹ ಬಿಳಿಯ ಎಳೆಗಳು ಹರಿಯತೊಡಗುತ್ತವೆ. ಫಿಲಿಫಾರ್ಮ್ ಎಂಬ ಈ ಸವೆತ ಗಾಳಿಯ ತೇವ ಹೆಚ್ಚಿದಂತೆ ಚುರುಕಾಗುತ್ತದೆ. ಮೇಲಿನಿಂದ ಎಷ್ಟು ಉಜ್ಜಿದರೂ ಅದು ಹೋಗದು. ಪದರ ಕಳಚಿ ಮೊದಲಿನಿಂದ ಆರಂಭಿಸಬೇಕು. ಮುಖವನ್ನು ಲೇತ್‌ನಲ್ಲಿ ಕೊರೆದು ಲ್ಯಾಕರ್ ಹಾಕಿದ ಈಚಿನ 'ಡೈಮಂಡ್ ಕಟ್' ಚಕ್ರಗಳ ರೋಗವೂ ಇದೇ. ಮತ್ತೆ ಮತ್ತೆ ಕೊರೆಸಿದರೆ ಪ್ರತಿ ಸಲವೂ ಲೋಹ ತೆಳುವಾಗುತ್ತದೆ. ಇನ್ನು, ಎರಡು ಡಬ್ಬಿ ಬೆರೆಸಿ ಹೊಡೆಯುವ ಪಾಲಿಯುರಿಥೇನ್ ಲ್ಯಾಕರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಸಾಧಾರಣ ಮಾಸ್ಕ್ ಅದನ್ನು ತಡೆಯುವುದಿಲ್ಲ. ಆಸ್ತಮಾ ತರಿಸಬಲ್ಲ ಆ ಕೆಲಸವನ್ನು ಸರಿಯಾದ ಸ್ಪ್ರೇ ಬೂತ್ ಇರುವವರಿಗೆ ಬಿಡಬೇಕು.

ಪೌಡರ್ ಕೋಟಿಂಗ್ ಹೆಚ್ಚು ಗಟ್ಟಿ. ಅದನ್ನು ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಮೇಲೆ ಹೇಳಿದ ಹದಗೊಳಿಸುವ ಉಷ್ಣತೆಗಿಂತ ಇದು ಹೆಚ್ಚು ಎಂಬುದನ್ನು ಗಮನಿಸಬೇಕು. ಕೆಲವು ನಿಮಿಷಗಳ ಒಂದು ಸುತ್ತಿನಿಂದ ದೊಡ್ಡ ಹಾನಿಯಿಲ್ಲ. ಒಲೆಯ ಕಾವು ಹತೋಟಿ ಮೀರಿದರೆ ಅಥವಾ ಬಹುಹೊತ್ತು ಇಟ್ಟರೆ ಚಕ್ರದ ಬಲ ಕುಗ್ಗುತ್ತದೆ. ಎಷ್ಟು ಡಿಗ್ರಿ, ಎಷ್ಟು ಹೊತ್ತು ಎಂದು ಕೇಳಿದಾಗ ಉತ್ತರ ಕೊಡಲಾಗದ ಅಂಗಡಿಗೆ ಚಕ್ರ ಕೊಡದಿರುವುದು ಕ್ಷೇಮ. ಆನೊಡೈಸ್ ಫೋರ್ಜ್ಡ್ ಚಕ್ರಗಳಿಗೆ ಅತ್ಯುತ್ತಮ. ಸಿಲಿಕಾನ್ ಹೆಚ್ಚಿರುವ ಎರಕದ ಮೇಲೆ ಅದು ಬೂದುಬಣ್ಣದ ಮಂಕು ತರುತ್ತದೆ.

ಉಳಿದದ್ದು ಬರಿಯ ಲೋಹಕ್ಕೆ ಮೇಣ. ಕಾರ್ನೌಬಾ ಮೇಣ 80 ಡಿಗ್ರಿ ದಾಟಿದ ಸ್ವಲ್ಪದರಲ್ಲೇ ಕರಗುತ್ತದೆ; ಘಾಟಿಯಲ್ಲಿ ಬ್ರೇಕ್ ಒತ್ತುತ್ತ ಇಳಿದ ಕಾರಿನ ಚಕ್ರದ ಮೇಲೆ ಅದಕ್ಕೆ ಆಯುಷ್ಯ ಕಡಿಮೆ. ಕೃತಕ ಸೀಲಂಟ್ ಹೆಚ್ಚು ಬಾಳುತ್ತದೆ. ಈಚಿನ ಸಿರಾಮಿಕ್ ಲೇಪನಗಳು ಕೊಳೆ ಅಂಟದಂತೆ ಮಾಡುತ್ತವೆ ನಿಜ, ಆದರೆ ಕಲ್ಲಿನ ಪೆಟ್ಟನ್ನು ತಡೆಯುವಷ್ಟು ದಪ್ಪ ಅವಕ್ಕಿಲ್ಲ.

ಹಾಗಾದರೆ ಯಾವುದು? ಭಾನುವಾರ ಮಾತ್ರ ಹೊರಬಂದು ಉಳಿದ ದಿನ ಹೊದಿಕೆಯಡಿ ನಿಲ್ಲುವ ಬೆಂಗಳೂರು ಅಥವಾ ಮೈಸೂರಿನ ಕಾರಿಗೆ ಬರಿಯ ಲೋಹ, ಸೀಲಂಟ್ ಮತ್ತು ಕೆಲವು ತಿಂಗಳಿಗೊಮ್ಮೆ ಅರ್ಧ ದಿನದ ಉಜ್ಜಾಟ ಸೂಕ್ತ. ಮಳೆಗಾಲವಿಡೀ ಓಡಬೇಕಾದ ಕರಾವಳಿಯ ಕಾರಿಗೆ ಕನ್ನಡಿಯ ಆಸೆ ಬಿಡುವುದೇ ವಾಸಿ. ಪ್ರೈಮರ್, ಬೆಳ್ಳಿಬಣ್ಣ, ಮೇಲೆ ಲ್ಯಾಕರ್ ಎಂಬ ಕಾರ್ಖಾನೆಯ ಹಳೆಯ ಕ್ರಮವೇ ಅಲ್ಲಿ ನಿಲ್ಲುವುದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಪದೇ ಪದೇ ಬ್ರೇಕ್ ಹಾಕಿ ಏಳುವ ಕಬ್ಬಿಣದ ಕಣಗಳ ಪುಡಿಯೂ ಕೆಡುಕೇ. ತೇವ ಸೇರಿದಾಗ ಅದು ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಚಕ್ರ ತಣ್ಣಗಿರುವಾಗ ಸಾಧಾರಣ ಕಾರ್ ಶಾಂಪೂವಿನಿಂದ ವಾರಕ್ಕೊಮ್ಮೆ ತೊಳೆದು ಒರೆಸಿದರೆ ಅರ್ಧ ಸಮಸ್ಯೆ ತೀರುತ್ತದೆ.

ಮತ್ತೆ ಜೋಡಿಸುವಾಗ

ಬಣ್ಣವಾಗಲಿ, ಪೌಡರ್ ಆಗಲಿ, ಮೇಣವಾಗಲಿ ನಟ್ ಕೂರುವ ತಗ್ಗಿನಲ್ಲೂ ಹಬ್‌ಗೆ ತಾಗುವ ಸಮತಲದಲ್ಲೂ ಇರಕೂಡದು. ಬಿಗಿದಾಗ ಗಟ್ಟಿಯಾಗಿ ಕಂಡ ದಪ್ಪ ಲೇಪನ ಓಡಾಟದ ಕಾವಿಗೆ ಹಿಂಡಿಹೋಗಿ ನಟ್ ಸಡಿಲಾಗುತ್ತದೆ. ಚಕ್ರವೇ ಕಳಚಿಬೀಳುವ ಅವಘಡಗಳಿಗೆ ಇದೂ ಒಂದು ಕಾರಣ. ಉಕ್ಕಿನ ಚಕ್ರ ತೆಗೆದು ಅಲಾಯ್ ಹಾಕಿದ ಕಾರುಗಳಲ್ಲಿ ಹಳೆಯ ನಟ್‌ಗಳನ್ನೇ ಬಳಸಿದ್ದಾರೆಯೇ ಎಂದು ಈ ಸಂದರ್ಭದಲ್ಲಿ ನೋಡಬೇಕು. ಶಂಕುವಿನಾಕಾರ, ಗೋಳಾಕಾರ, ಚಪ್ಪಟೆ ವಾಷರ್ ಹೀಗೆ ನಟ್‌ನ ತಳ ಚಕ್ರದ ತಗ್ಗಿಗೆ ಹೊಂದಲೇಬೇಕು.

ಉಕ್ಕಿನ ಹಬ್ ಮತ್ತು ಅಲ್ಯೂಮಿನಿಯಂ ಚಕ್ರ ತೇವದಲ್ಲಿ ಒಂದನ್ನೊಂದು ತಾಗಿ ನಿಂತರೆ ಸವೆಯುವುದು ಅಲ್ಯೂಮಿನಿಯಂ. ಹಬ್‌ನ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆದು, ನಡುವಿನ ರಂಧ್ರದ ಅಂಚಿಗೆ ಮಾತ್ರ ತೆಳುವಾಗಿ ಗ್ರೀಸ್ ಸವರಿದರೆ ಮುಂದೊಂದು ದಿನ ಪಂಕ್ಚರ್ ಆದಾಗ ಚಕ್ರ ಹಬ್‌ಗೆ ಅಂಟಿಕೊಂಡು ಸತಾಯಿಸುವುದಿಲ್ಲ. ಬ್ಯಾಲೆನ್ಸಿಂಗ್‌ಗೆ ಅಂಚಿಗೆ ಬಡಿಯುವ ತೂಕಕ್ಕಿಂತ ಒಳಬದಿಗೆ ಅಂಟಿಸುವ ತೂಕ ಮೇಲು. ನಟ್‌ಗಳನ್ನು ಎದುರುಬದುರಾಗಿ, ಕಾರಿನ ಕೈಪಿಡಿ ಹೇಳುವ ಪ್ರಮಾಣಕ್ಕೆ ಟಾರ್ಕ್ ರೆಂಚ್‌ನಿಂದ ಬಿಗಿದು, 50ರಿಂದ 100 ಕಿಲೋಮೀಟರ್ ಓಡಿದ ನಂತರ ಇನ್ನೊಮ್ಮೆ ಪರೀಕ್ಷಿಸಬೇಕು.

ಡಿಕ್ಕಿಯಲ್ಲಿರುವ ಐದನೆಯ ಚಕ್ರವೂ ಅದೇ ಮಾದರಿಯ ಅಲಾಯ್ ಆಗಿದ್ದರೆ ಅದನ್ನು ಮುಟ್ಟುವ ಮೊದಲು ಚೆನ್ನಾಗಿ ನೋಡಿ. ಬಿಸಿಲು, ಕಲ್ಲು, ಬ್ರೇಕಿನ ಪುಡಿ ಕಾಣದೆ ಕತ್ತಲಲ್ಲಿ ಕುಳಿತಿದ್ದ ಅದರ ಮೇಲೆ ಕಾರ್ಖಾನೆಯ ಮೂಲ ಮೇಲ್ಮೈ ಉಳಿದಿರುವ ಸಾಧ್ಯತೆ ಹೆಚ್ಚು. ಉಳಿದ ನಾಲ್ಕು ಚಕ್ರಗಳು ಒಂದು ಕಾಲದಲ್ಲಿ ಹೇಗಿದ್ದವು ಎಂಬುದಕ್ಕೆ ಅದೇ ದಾಖಲೆ. ಬಿರುಕಿಗಾಗಿ ಪರೀಕ್ಷಿಸಿ, ತೊಳೆದು, ಗಾಳಿ ತುಂಬಿ, ಅದನ್ನು ಇದ್ದಂತೆಯೇ ಇಡಬಹುದು.